ಇಮ್ಮಡಿ ಮುಂಬಯಿ

ಮುಂಬಯಿ ಕನ್ನಡಿಗರ ಬಾಯಲ್ಲಿ ‘ಡಬಲ್’ ಇಂಗ್ಲಿಷಾಗಿ ಉಳಿದೇ ಇಲ್ಲ. ಚಾಳಿನಲ್ಲಿ ಡಬಲ್ ರೂಮು, ಬೈಕಿನ ಮೇಲೆ ಡಬಲ್ ಸೀಟು, ಹೋಟೆಲಿನಲ್ಲಿ ಡಬಲ್ ಡ್ಯೂಟಿ. ಚಹಾ ಒಂದೇ ಇದಕ್ಕೆ ಹೊರತು. ಅದನ್ನು ಅರ್ಧ ಮಾಡಿ ‘ಕಟಿಂಗ್’ ಎಂದು ಕುಡಿಯುತ್ತೇವೆ.

ಈ ಪದದ ಹುಟ್ಟೂರು ಲ್ಯಾಟಿನ್. ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಲ್ಯಾಟಿನ್ನಿನ ‘ಡುಪ್ಲುಸ್’ನಲ್ಲಿ ಮೊದಲರ್ಧ ಸಂಸ್ಕೃತದ ‘ದ್ವಿ’ಯ ದಾಯಾದಿ, ಉಳಿದರ್ಧದ ಬೇರಿಗೆ ಮಡಿಸುವುದು ಎಂಬ ಅರ್ಥ. ಕನ್ನಡಕ್ಕೆ ಆ ಮನೆತನದ ನೆಂಟಸ್ತಿಕೆ ಇಲ್ಲ. ಆದರೂ ನಮ್ಮವರು ಎರಡು ಎಂಬರ್ಥದ ‘ಇರ್’ ಜೊತೆ ‘ಮಡಿ’ ಸೇರಿಸಿ ‘ಇಮ್ಮಡಿ’ ಎಂದರು. ಒಬ್ಬರನ್ನೊಬ್ಬರು ಕೇಳದೆಯೇ ಇಬ್ಬರಿಗೂ ಹೊಳೆದದ್ದು ಮಡಿಕೆಯೇ! ಈ ಪದವನ್ನೇ ಹೆಸರಿನಲ್ಲಿ ಹೊತ್ತ ಇಮ್ಮಡಿ ಪುಲಕೇಶಿ ಪಡುವಣ ಕಡಲ ಪುರಿಯನ್ನು ಗೆದ್ದನೆಂದು 634ರ ಐಹೊಳೆ ಶಾಸನ ಸಾರುತ್ತದೆ. ಆ ಪುರಿ ನಮ್ಮ ಘಾರಾಪುರಿಯೇ (ಎಲಿಫೆಂಟಾ) ಎನ್ನುವ ವಿದ್ವಾಂಸರೂ ಇದ್ದಾರೆ. ಹಾಗಿದ್ದರೆ ಮುಂಬಯಿಗೂ ಇಮ್ಮಡಿಗೂ ನಂಟು ಹಳೆಯದು.

ಪಂಚೆಯನ್ನು ಮಡಿಸಿದರೆ ಪದರ ಎರಡಾಗುತ್ತದೆ, ಅಗಲ ಅರ್ಧವಾಗುತ್ತದೆ. ಈ ಊರಿನ ಡಬಲ್ಲೂ ಅಂಥದ್ದೇ. ಮೂರು ಕಡೆ ನೀರಿರುವ ನೆಲ ಬೇಕಾದಷ್ಟು ಹಿಗ್ಗುವುದಿಲ್ಲ, ಜನ ಕುಗ್ಗುವುದಿಲ್ಲ. ಬೆಸ್ಟ್‌ನ ಡಬಲ್ ಡೆಕ್ಕರ್ 1937ರಲ್ಲಿ ರಸ್ತೆಗಿಳಿದದ್ದು, ಒಂದು ಬಸ್ಸಿನ ಜಾಗದಲ್ಲಿ ಎರಡು ಬಸ್ಸಿನ ಜನ ಕೂರಲೆಂದು. ಹಳೆಯ ಡೀಸೆಲ್ ಡಬಲ್ ಡೆಕ್ಕರ್‌ಗಳಲ್ಲಿ ಕೊನೆಯವು 2023ರ ಸೆಪ್ಟೆಂಬರ್ 15ರಂದು ನಿವೃತ್ತವಾದವು. ಅಷ್ಟರಲ್ಲೇ ವಿದ್ಯುತ್ ಡಬಲ್ ಡೆಕ್ಕರ್ ಬಂದಾಗಿತ್ತು. ಊರಿಗೆ ಮಹಡಿ ಬಿಟ್ಟು ಬದುಕಲು ಬರುವುದಿಲ್ಲ. ಚಾಳಿನ ಖೋಲಿಯಲ್ಲಿ ತಲೆಯ ಮೇಲೆ ಪೋಟ್‌ಮಾಳಾ, ಅಂದರೆ ಅಟ್ಟ, ಕಟ್ಟಿದರೆ ಅದೇ ಮಗ-ಸೊಸೆಯ ಮನೆ.

ನಮ್ಮವರು ಮಡಿಸಿದ್ದು ಜಾಗವನ್ನಷ್ಟೇ ಅಲ್ಲ, ದಿನವನ್ನೂ. ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕೂತರು. ಒಂದೇ ದಿನದಲ್ಲಿ ಎರಡು ಬದುಕು; ಅರ್ಧವಾದದ್ದು ನಿದ್ದೆ. ಅವರಲ್ಲಿ ಎಷ್ಟೋ ಮಂದಿ ಮುಂದೆ ವಕೀಲರಾದರು, ಬ್ಯಾಂಕು ಸೇರಿದರು, ತಾವೇ ಹೋಟೆಲು ತೆರೆದರು.

ಆದ್ದರಿಂದ ಮುಂಬಯಿಗೆ ಹೊಸದಾಗಿ ಬರುವವರಿಗೆ ಒಂದು ಕಿವಿಮಾತು: ದಲ್ಲಾಳಿ ‘ಡಬಲ್ ರೂಮ್ ಇದೆ’ ಎಂದರೆ ಎಷ್ಟು ದೊಡ್ಡದು ಎಂದು ಕೇಳಬೇಡಿ, ಎಲ್ಲಿ ಮಡಿಸಿದ್ದಾರೆ ಎಂದು ಕೇಳಿ.