ಸ್ಟಿಕ್ಕರ್ ಅಂಟಿಸುವ ಕೆಲಸ

ಪತ್ರಿಕೋದ್ಯಮದ ಡಿಗ್ರಿ ಮುಗಿಸಿದ ವರ್ಷ ನಮ್ಮ ಬ್ಯಾಚಿನ ನಾವು ಮೂವರು ಗೆಳತಿಯರು ಸೇರಿದ್ದು ಪತ್ರಿಕೆಗಲ್ಲ, ಬೊಮ್ಮಸಂದ್ರ–ಜಿಗಣಿ ಕಡೆಯ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ. ಪತ್ರಿಕೆಯವರು ಕೊಡುತ್ತೇವೆಂದ ಸಂಬಳದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಬಸ್ಸು, ಊಟ, ಪಿಎಫ್ ಇತ್ತು. ಎಂಟು ತಿಂಗಳು ಇದ್ದೆವು. ಅಲ್ಲಿ ಏನು ಮಾಡ್ತೀರಿ ಅಂತ ಊರಲ್ಲಿ ಯಾರಾದರೂ ಕೇಳಿದರೆ ಎರಡೇ ಪದದ ಉತ್ತರ: ಸ್ಟಿಕ್ಕರ್ ಅಂಟಿಸ್ತೀವಿ.

ಕೇಳಿದವರು ನಗುತ್ತಿದ್ದರು. ಡಿಗ್ರಿ ಓದಿ ಸ್ಟಿಕ್ಕರ್ ಅಂಟಿಸೋದಾ? ಆದರೆ ಆ ಸ್ಟಿಕ್ಕರ್ ಬಗ್ಗೆ ಸ್ವಲ್ಪ ಹೇಳಬೇಕು.

ಮೊಬೈಲ್, ಕರೆಂಟ್ ಮೀಟರ್, ಸೆಟ್ ಟಾಪ್ ಬಾಕ್ಸ್, ಯಾವುದನ್ನೇ ಬಿಚ್ಚಿದರೂ ಒಳಗೆ ಒಂದು ಸರ್ಕ್ಯೂಟ್ ಬೋರ್ಡ್ ಇರುತ್ತದೆ. ಅನೇಕ ಬೋರ್ಡುಗಳ ಮೂಲೆಯಲ್ಲಿ ಕಿರುಬೆರಳ ಉಗುರಿಗಿಂತ ಚಿಕ್ಕದಾದ ಒಂದು ಲೇಬಲ್, ಅದರ ಮೇಲೆ ಕಪ್ಪು ಚುಕ್ಕಿಗಳ ಚೌಕ. ಅದು ಆ ಬೋರ್ಡಿನ ನಂಬರು. ಯಾವ ದಿನ, ಯಾವ ಲೈನಿನಲ್ಲಿ ತಯಾರಾಯಿತು, ಯಾವ ರೋಲಿನ ಬಿಡಿಭಾಗ ಹಾಕಿದರು ಎಂಬುದೆಲ್ಲ ಆ ನಂಬರಿಗೆ ಜೋಡಿಸಿ ಕಂಪ್ಯೂಟರಿನಲ್ಲಿ ಕೂರುತ್ತದೆ. ಮುಂದೆಂದೋ ಬೋರ್ಡ್ ಕೆಟ್ಟು ವಾಪಸ್ ಬಂದರೆ ಜಾತಕ ತೆಗೆಯುವುದು ಅದರಿಂದಲೇ.

ಈ ಲೇಬಲ್ ಅನ್ನು ಬೋರ್ಡ್ ಓವನ್ನಿಗೆ ಹೋಗುವ ಮೊದಲೇ ಅಂಟಿಸಬೇಕು. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು, ಓವನ್ನಿನ ಶಾಖ 240ರ ಆಚೀಚೆ ಏರುತ್ತದೆ. ಅಂಗಡಿಯಲ್ಲಿ ಸಿಗುವ ಕಾಗದದ ಲೇಬಲ್ ಅಲ್ಲಿ ಕಂದಿ ಸುರುಟಿಕೊಳ್ಳುತ್ತದೆ. ಅದಕ್ಕೇ ಪಾಲಿಮೈಡ್ ಎಂಬ ಪ್ಲಾಸ್ಟಿಕ್ಕಿನ ಲೇಬಲ್ ಬಳಸುತ್ತಾರೆ. ಅಗ್ಗದ್ದಲ್ಲ. ಸೊಟ್ಟಗೆ ಅಂಟಿದರೆ ಸ್ಕ್ಯಾನರ್ ಓದದೇ ಹೋಗಬಹುದು. ಬೆಸುಗೆ ಹಾಕುವ ಜಾಗಕ್ಕೆ ತಾಗಿದರೆ ಬೋರ್ಡೇ ರಿಜೆಕ್ಟ್.

ನಾವಿದ್ದ ಲೈನಿನಲ್ಲಿ ಇದನ್ನು ಕೈಯಲ್ಲೇ ಮಾಡುತ್ತಿದ್ದೆವು. ಮಣಿಕಟ್ಟಿಗೆ ಸ್ಟ್ಯಾಟಿಕ್ ಪಟ್ಟಿ, ಒಂದು ಕೈಯಲ್ಲಿ ರೋಲು, ಇನ್ನೊಂದರಲ್ಲಿ ಟ್ವೀಜರ್. ಎಬ್ಬಿಸು, ಇಡು, ಒತ್ತು. ಬೆರಳು ತಾಗಿಸುವಂತಿಲ್ಲ, ಬೆವರಿನ ಜಿಡ್ಡು ಹತ್ತಿದರೆ ಅಂಟು ಹಿಡಿಯುವುದಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಕನಕಪುರ ಕಡೆಯ ಅಕ್ಕ ಆರು ವರ್ಷದಿಂದ ಇದನ್ನೇ ಮಾಡುತ್ತಿದ್ದರು. ಮಳೆಗಾಲದಲ್ಲಿ ರೋಲಿನ ಕವರ್ ಒಡೆದು ತುಂಬ ಹೊತ್ತು ಇಡಬಾರದು, ರೋಲಿನ ಕೊನೆಯ ಸುತ್ತುಗಳಲ್ಲಿ ಲೇಬಲ್ ಬಾಗಿರುತ್ತದೆ, ಅಂಚಿನಲ್ಲಿ ಅಂಟು ಒಸರಿದ ರೋಲು ಬೆರಳಿಗಿಂತ ಮೊದಲು ಕಣ್ಣಿಗೇ ಗೊತ್ತಾಗುತ್ತದೆ. ಇವೆಲ್ಲ ಅವರು ಹೇಳಿಕೊಟ್ಟಿದ್ದು. ಯಾವ ಟ್ರೈನಿಂಗ್ ಪುಸ್ತಕದಲ್ಲೂ ಇರಲಿಲ್ಲ.

ಐದನೇ ತಿಂಗಳಿಗೆ ಲೇಬಲ್ ಫೀಡರ್ ಬಂತು.

ನೋಡಲು ಉದ್ದನೆಯ ಸಪೂರ ಪೆಟ್ಟಿಗೆ. ಬಿಡಿಭಾಗ ಕೂರಿಸುವ ಮಷೀನಿನ ಪಕ್ಕಕ್ಕೆ ಬೇರೆ ಫೀಡರ್‌ಗಳ ಸಾಲಿನಲ್ಲೇ ಸಿಕ್ಕಿಸುತ್ತಾರೆ. ಅದು ಲೇಬಲ್ ಬಿಡಿಸುವ ರೀತಿ ಮಾತ್ರ ನಮಗೆ ಹೊಸದೇನಲ್ಲ. ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ನೆನೆಸಿಕೊಳ್ಳಿ. ಬೊಟ್ಟನ್ನು ಉಗುರಲ್ಲಿ ಕೆರೆದರೆ ಬರುವುದಿಲ್ಲ, ಹಿಂದಿನ ಕಾಗದವನ್ನು ಬಗ್ಗಿಸಿದರೆ ಬೊಟ್ಟಿನ ಅಂಚು ತಾನಾಗಿ ಎದ್ದು ನಿಲ್ಲುತ್ತದೆ. ಫೀಡರ್ ಮಾಡುವುದೂ ಅಷ್ಟೇ. ಮೋಟಾರು ಕೆಳಗಿನ ಕಾಗದವನ್ನು ಒಂದು ಚೂಪು ಅಂಚಿನ ಪಟ್ಟಿಯ ಮೇಲಿಂದ ಹಿಂದಕ್ಕೆ ಎಳೆಯುತ್ತದೆ. ಕಾಗದ ತಿರುಗುತ್ತದೆ, ಬಿಗಿಯಾದ ಲೇಬಲ್ ತಿರುಗಲಾರದೆ ನೇರ ಮುಂದೆ ಬರುತ್ತದೆ. ಸೆನ್ಸರ್ ಅದನ್ನು ಕಂಡ ಕೂಡಲೇ ಮೋಟಾರು ನಿಲ್ಲುತ್ತದೆ. ಮೇಲಿನಿಂದ ನಾಜಲ್ ಇಳಿದು ಗಾಳಿ ಹೀರಿ ಲೇಬಲ್ ಎತ್ತುತ್ತದೆ, ಕ್ಯಾಮೆರಾ ಸೊಟ್ಟ ಇದೆಯಾ ನೋಡುತ್ತದೆ, ಬೋರ್ಡಿನ ಮೇಲೆ ಇಟ್ಟು ಒತ್ತುತ್ತದೆ. ನಾವು ಒಂದನ್ನು ಎಬ್ಬಿಸುವಷ್ಟರಲ್ಲಿ ಅದು ಹಲವನ್ನು ಮುಗಿಸುತ್ತಿತ್ತು. ಒಂದೂ ಸೊಟ್ಟ ಇರುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ನಮಗೆ ಮೊದಲು ಖುಷಿಯೇ ಆಯಿತು. ಎಂಟು ಗಂಟೆ ಕತ್ತು ಬಗ್ಗಿಸಿ ಟ್ವೀಜರ್ ಹಿಡಿಯುವ ಕೆಲಸ ಯಾರ ಮಗಳಿಗೂ ಬೇಡ. ಲೇಬಲ್ ಅಂಟಿಸಲು ಮಷೀನು ಬರಬಾರದಿತ್ತು ಅಂತ ನಾವು ಇಲ್ಲಿ ಬರೆಯುತ್ತಿಲ್ಲ.

ಮಷೀನು ಮೊದಲ ವಾರದಲ್ಲೇ ಪದೇ ಪದೇ ನಿಂತಿತು. ಕೆಂಪು ದೀಪ ಹತ್ತಿ ಕೂಗಿಕೊಳ್ಳುತ್ತಿತ್ತು. ಟೆಕ್ನಿಷಿಯನ್ ಹುಡುಗ ಡಿಪ್ಲೊಮಾ ಓದಿದವನು. ಸೆನ್ಸರ್ ಬದಲಾಯಿಸಿದ, ಸೆಟ್ಟಿಂಗ್ ಬದಲಾಯಿಸಿದ, ಆಗಲಿಲ್ಲ. ಕನಕಪುರದ ಅಕ್ಕ ಬಗ್ಗಿ ನೋಡಿ, "ಪಟ್ಟಿ ಅಂಚಿಗೆ ಅಂಟು ಕೂತಿದೆ ನೋಡಪ್ಪ, ಒರೆಸು. ಈ ರೋಲೇ ಸರಿಯಿಲ್ಲ, ಒಸರ್ತಾ ಐತೆ" ಅಂದರು. ಐಪಿಎ ಹಾಕಿ ಬಟ್ಟೆಯಲ್ಲಿ ಒರೆಸಿ, ರೋಲು ಬದಲಾಯಿಸಿದ ಮೇಲೆ ಓಡಿತು. "ಥ್ಯಾಂಕ್ಸ್ ಅಕ್ಕ" ಅಂದ ಹುಡುಗ. ಅವನದೇನೂ ತಪ್ಪಿಲ್ಲ. ಫೀಡರ್ ಕಂಪನಿಯವರು ಬಂದು ಎರಡು ದಿನ ತರಬೇತಿ ಕೊಟ್ಟಾಗ ಅವನನ್ನು ಕರೆದಿದ್ದರು, ಅಕ್ಕನನ್ನು ಕರೆದಿರಲಿಲ್ಲ, ಅಷ್ಟೇ.

ಲೇಬಲ್ ಟೇಬಲ್ಲಿನಲ್ಲಿ ನಾವು ಒಟ್ಟು ಏಳು ಜನ ಇದ್ದೆವು. ಮೂರು ತಿಂಗಳಲ್ಲಿ ಅದು ಖಾಲಿಯಾಯಿತು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ನಾವು ಗುತ್ತಿಗೆದಾರರ ಪಟ್ಟಿಯಲ್ಲಿದ್ದವರು. ಅವಧಿ ಮುಗಿದವರನ್ನು ಮತ್ತೆ ಕರೆಯಲಿಲ್ಲ, ಅಷ್ಟರಲ್ಲಿ ಮುಗಿಯಿತು.

ಹೊರಬಂದ ಮೇಲೆ ನಾವು ಕಾನೂನು ಓದಿದೆವು. ಪತ್ರಿಕೋದ್ಯಮ ಕಲಿತದ್ದು ಅಲ್ಲಿಯಾದರೂ ಉಪಯೋಗಕ್ಕೆ ಬಂತು. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನ ಪ್ರಕಾರ, ಯಂತ್ರ ಅಥವಾ ವಿಧಾನದ ಸುಧಾರಣೆಯಿಂದ ಕೆಲಸ ಹೋಗುವ ಸಂಭವವಿದ್ದರೆ ಮಾಲೀಕರು ಮೊದಲೇ ನೋಟಿಸ್ ಕೊಡಬೇಕಿತ್ತು. ನೋಟಿಸ್ ಕೊಟ್ಟು 21 ದಿನ ಆಗುವವರೆಗೆ ಬದಲಾವಣೆ ಮಾಡುವಂತಿರಲಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ನೋಟಿಸಿನ ಮಾತು ಉಳಿದಿದೆ. ಆದರೆ ಅದೇ 1947ರ ಕಾಯ್ದೆ ಇನ್ನೊಂದು ಕಡೆ, ಒಪ್ಪಂದದ ಅವಧಿ ಮುಗಿದು ಅದನ್ನು ನವೀಕರಿಸದೇ ಹೋದರೆ ಅದು ಛಂಟನಿ ಅಲ್ಲ ಎನ್ನುತ್ತಿತ್ತು. ನೋಟಿಸು ಅಂಟಿಸುವ ಬೋರ್ಡಿಗೂ ನಮಗೂ ನಡುವೆ ಗುತ್ತಿಗೆದಾರ ನಿಂತಿರುತ್ತಾನೆ.

ಹಾಗಾಗಿ ಮಷೀನು ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ನಮಗೆ ಆಸಕ್ತಿಯಿಲ್ಲ. ನಾವು ಕೇಳುವುದು, ಮಷೀನಿನ ಪಕ್ಕ ಯಾರು ನಿಲ್ಲುತ್ತಾರೆ ಅಂತ. ಫೀಡರ್ ಬಂದರೂ ರೋಲು ಹಾಕಬೇಕು, ಮುಗಿಯುವ ಮೊದಲು ಇನ್ನೊಂದು ಸಿದ್ಧವಿಡಬೇಕು, ಅಂಟು ಒರೆಸಬೇಕು, ನಂಬರಿನ ಸರಣಿ ತಪ್ಪದಂತೆ ನೋಡಬೇಕು. ಇದು ಕಲಿಯಲಾಗದ ವಿದ್ಯೆಯಲ್ಲ. ಲೇಬಲ್ಲಿನ ಗುಣ ಗೊತ್ತಿರುವವರಿಗೆ ಎರಡು ದಿನದ ತರಬೇತಿ ಸಾಕು. ಆದರೆ ಮಷೀನ್ ಆಪರೇಟರ್ ಎಂದಾಗ ಡಿಪ್ಲೊಮಾ ಹುಡುಗ, ಟ್ವೀಜರ್ ಎಂದಾಗ ಪಿಯುಸಿ ಓದಿದ ಹಳ್ಳಿ ಹುಡುಗಿ ಎಂದು ಮೊದಲೇ ಬರೆದಿಟ್ಟಂತಿದೆ. ನಮ್ಮ ಹಳ್ಳಿಗಳಿಂದ ಬೆಳಗಿನ ಐದೂವರೆ ಬಸ್ಸಿಗೆ ಕಾಯುವ ಹುಡುಗಿಯರಿಗೆ ಇದು ಸಣ್ಣ ವಿಷಯವಲ್ಲ. ಆ ಸಂಬಳದಲ್ಲಿ ತಮ್ಮನ ಫೀಸು ಕಟ್ಟುತ್ತಾರೆ, ಮದುವೆಯನ್ನು ಎರಡು ವರ್ಷ ಮುಂದಕ್ಕೆ ಹಾಕುತ್ತಾರೆ.

ನೀವು ಹಳ್ಳಿಯಿಂದ ವರದಿ ಮಾಡುವವರಾದರೆ, ಮುಂದಿನ ಸಲ ಕಾರ್ಖಾನೆಯ ಹೊಸ ಲೈನಿನ ಉದ್ಘಾಟನೆಗೆ ಹೋದಾಗ ಎಷ್ಟು ಉದ್ಯೋಗ ಎಂಬ ಪ್ರಶ್ನೆಯ ಜೊತೆ ಇನ್ನೊಂದನ್ನೂ ಕೇಳಿ: ಈ ಮಷೀನಿನ ತರಬೇತಿಗೆ ಲೈನಿನಿಂದ ಯಾರನ್ನು ಕಳಿಸಿದ್ದೀರಿ?

ಏಳು ಜನರಲ್ಲಿ ಈಗ ಅಲ್ಲಿ ಉಳಿದಿರುವುದು ಕನಕಪುರದ ಅಕ್ಕ ಒಬ್ಬರೇ. ಪ್ಯಾಕಿಂಗ್ ವಿಭಾಗದಲ್ಲಿದ್ದಾರೆ. ಫೀಡರ್ ಹಟ ಹಿಡಿದಾಗ ಅಲ್ಲಿಂದ ಕರೆಸುತ್ತಾರೆ, ಸರಿಮಾಡಿ ವಾಪಸ್ ಹೋಗುತ್ತಾರೆ. ಕನಿಷ್ಠ ವೇತನದ ಪಟ್ಟಿಯಲ್ಲಿ ಕುಶಲ, ಅರೆಕುಶಲ, ಅಕುಶಲ ಅಂತ ವರ್ಗಗಳಿವೆ. ಅಕ್ಕನ ಸಂಬಳದ ಚೀಟಿಯಲ್ಲಿ ಇವತ್ತಿಗೂ ಇರುವುದು ಕೊನೆಯದು.