ರಸ್ತೆಯ ಅಗಲ

ರಸ್ತೆ ಅಗಲವಾದಷ್ಟೂ ಊರು ದೊಡ್ಡದಾಯಿತೆಂಬುದು ನಮ್ಮ ಜನರ ಬಹುಕಾಲದ ನಂಬಿಕೆ. ಆದುದರಿಂದ, ಇದ್ದ ರಸ್ತೆಯನ್ನು ಕಿರಿದುಗೊಳಿಸಬೇಕೆಂದು ಯಾರಾದರೂ ಬಾಯಿ ತೆರೆದರೆ ಕೇಳಿದವರು ಆತನ ಮುಖವನ್ನೊಮ್ಮೆ ದಿಟ್ಟಿಸಿ ನೋಡುತ್ತಾರೆ. ಬೆಳಗಾವಿಯ ಟಿಳಕವಾಡಿಯಲ್ಲಿ ಸಂಜೆ ನಾಲ್ವರು ಸೇರಿದೆಡೆ ಈ ಮಾತು ಬಂದರೆ ಸಾಕು, ಕಪ್ಪಿನ ಚಹ ಆರಿದರೂ ವಾದ ಆರುವುದಿಲ್ಲ.

“ಇದ್ದ ರಸ್ತಾನ ಸಾಲವಲ್ದು. ಇನ್ನೂ ಸಣ್ಣದ ಮಾಡಿದ್ರ ಗಾಡಿ ಎಲ್ಲಿ ಹೋಗಬೇಕ್ರಿ, ಮಾಸ್ತರ?” ಎನ್ನುವರು ಅಂಗಡಿಯ ಸಾಹುಕಾರರು.

“ಗಾಡಿ ಬ್ಯಾಡ ಅಂದವರ ಯಾರ್ರಿ, ಸಾವಕಾರ್ರ? ಸಾವಕಾಶ ಹೋಗಲಿ ಅಂತೀನಿ, ಅಷ್ಟ” ಎಂಬುದು ನಿವೃತ್ತ ಮಾಸ್ತರರ ಉತ್ತರ.

ಸಾಹುಕಾರರ ಮಾತನ್ನು ತಳ್ಳಿಹಾಕುವಂತಿಲ್ಲ. ಸರಕಿನ ಲಾರಿ ಬರಬೇಕು. ರೋಗಿಯನ್ನು ಹೊತ್ತ ಆಂಬುಲೆನ್ಸು ತಡೆಯಿಲ್ಲದೆ ಸಾಗಬೇಕು. ಆದರೆ ವಾಹನದ ವೇಗವನ್ನು ನಿರ್ಧರಿಸುವುದು ಚಾಲಕನ ಸ್ವಭಾವವೊಂದೇ ಅಲ್ಲ. ಗಣಪತ ಗಲ್ಲಿಯಲ್ಲಿಯೋ ಖಡೇಬಜಾರಿನಲ್ಲಿಯೋ ಎಂಥ ಅವಸರದ ಮನುಷ್ಯನೂ ಮೆಲ್ಲಗೆ ಸಾಗುತ್ತಾನೆ. ಅದೇ ಮಹಾಶಯನು, 1924ರ ಅಧಿವೇಶನದ ನೆನಪನ್ನು ಹೆಸರಿನಲ್ಲಿಯೇ ಹೊತ್ತಿರುವ ಕಾಂಗ್ರೆಸ್ ರಸ್ತೆಗೆ ಬಂದೊಡನೆ ಬೇರೆಯೇ ಮನುಷ್ಯನಾಗುತ್ತಾನೆ. ‘ಅವಸರವೇ ಅಪಘಾತಕ್ಕೆ ಕಾರಣ’ ಎಂದು ಫಲಕ ಹೇಳುತ್ತದೆ. ‘ಓಡು’ ಎಂದು ರಸ್ತೆ ಹೇಳುತ್ತದೆ. ಚಾಲಕನು ಕೇಳುವುದು ರಸ್ತೆಯ ಮಾತನ್ನು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 8 ಮೀಟರ್ ಕ್ರಮಿಸುತ್ತದೆ; 60ರ ವೇಗದಲ್ಲಿ, ಸುಮಾರು 17 ಮೀಟರ್. ಎದುರಿಗೆ ಬಂದ ಮಗುವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿಯೇ ಅಷ್ಟು ದೂರ ಕಳೆದಿರುತ್ತದೆ. ಅನಂತರವೂ, ವೇಗ ಇಮ್ಮಡಿಯಾದರೆ ಗಾಡಿ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ಇಷ್ಟೆಲ್ಲ ಅಪಾಯಕ್ಕೆ ಪ್ರತಿಯಾಗಿ ದೊರೆಯುವ ಲಾಭವೆಷ್ಟು? ಒಂದು ಕಿಲೋಮೀಟರಿಗೆ ಒಂದೇ ನಿಮಿಷ! ಪಾದಚಾರಿಗಳೂ ವಾಹನಗಳೂ ಬೆರೆಯುವೆಡೆ ವೇಗವು 30 ಕಿಲೋಮೀಟರನ್ನು ಮೀರಬಾರದೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಸಾರಿದುದು ಈ ಕಾರಣದಿಂದಲೇ.

ಬೆಂಗಳೂರು ಈ ಪ್ರಯೋಗವನ್ನು ಮಾಡಿ ನೋಡಿದೆ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮೊದಲಾದೆಡೆ ಕಾಲುದಾರಿಯನ್ನು ಹಿಗ್ಗಿಸಿ, ವಾಹನದ ಪಥಗಳನ್ನು ಒಂದೇ ಅಳತೆಗೆ ತಂದರು. ರಸ್ತೆ ಕಿರಿದಾಯಿತೆಂಬ ಗೊಣಗಾಟ ಅಲ್ಲಿಯೂ ಎದ್ದಿತು. ಆದರೆ ಮಳೆನೀರಿನ ಚರಂಡಿಯೂ ತಂತಿ-ಕೊಳವೆಗಳೂ ಕಾಲುದಾರಿಯ ಕೆಳಗೆ ಸರಿದುದರಿಂದ, ರಸ್ತೆಯನ್ನು ಮತ್ತೆ ಮತ್ತೆ ಅಗೆಯುವ ಕಷ್ಟಕ್ಕೊಂದು ಪರಿಹಾರವೂ ದೊರೆಯಿತು. ಕೆಲಸ ಅರ್ಧಂಬರ್ಧವಾದರೆ ಮಾತ್ರ ಪ್ರಯೋಜನವಿಲ್ಲ. ಉಳಿಸಿದ ಜಾಗ ನಿಂತ ಕಾರುಗಳ ಪಾಲಾದರೆ ನಡೆಯುವವನು ಪುನಃ ರಸ್ತೆಗೇ ಇಳಿಯಬೇಕಾಗುತ್ತದೆ. ಕಿರಿದಾದ ರಸ್ತೆಯಲ್ಲಿ ಅವನ ಪಾಡು ಮೊದಲಿಗಿಂತ ಕಷ್ಟವಾಗುತ್ತದೆ.

ಬೆಳಗಾವಿಯಿಂದ ಗೋವೆಯತ್ತ ಹೊರಟವರಿಗೆ ಮಲಪ್ರಭೆಯ ದಂಡೆಯ ಖಾನಾಪುರ ಸಿಗುತ್ತದೆ. ಕಾಡಂಚಿನ ಹಳ್ಳಿಗಳ ಜನರಿಗೆ ಸಂತೆ, ಕಚೇರಿ, ಶಾಲೆಗಳೆಲ್ಲ ಇಲ್ಲಿಯೇ. ದೂರದ ಪ್ರಯಾಣಿಕನಿಗೆ ಈ ಊರು ದಾರಿಯ ಒಂದು ತುಣುಕು. ತಲೆಯ ಮೇಲೆ ಬುಟ್ಟಿ ಹೊತ್ತು ರಸ್ತೆ ದಾಟುವ ಹೆಂಗಸಿಗೆ ಅದೇ ಇಡೀ ಪೇಟೆ. ಊರಿನ ಹೊರಗೆ ಹೆದ್ದಾರಿ ಎಷ್ಟಾದರೂ ಅಗಲವಾಗಿರಲಿ, ಊರೊಳಗೆ ಕಾಲಿಟ್ಟ ದಾರಿ ಬೀದಿಯಾಗಬೇಕು. ಅತಿಥಿಯು ಮನೆಯ ಹೊಸ್ತಿಲಲ್ಲಿ ಪಾದರಕ್ಷೆ ಕಳಚುವಂತೆ, ವಾಹನವು ಊರಿನ ಹೊಸ್ತಿಲಲ್ಲಿ ತನ್ನ ವೇಗವನ್ನು ಕಳಚಬೇಕು.

ರಸ್ತೆಯ ಅಗಲದ ಚರ್ಚೆಯಲ್ಲಿ ಗಟ್ಟಿಯಾಗಿ ಮಾತನಾಡುವವರು ಗಾಡಿಯುಳ್ಳವರು. ಚೀಲ ಬೆನ್ನಿಗೇರಿಸಿದ ಶಾಲೆಯ ಹುಡುಗನನ್ನೂ ಕೋಲೂರಿ ನಡೆಯುವ ಅಜ್ಜಿಯನ್ನೂ ಅಲ್ಲಿಗೆ ಯಾರೂ ಕರೆಯುವುದಿಲ್ಲ. ಅಜ್ಜಿಯು ಆಚೆಯ ದಂಡೆ ಸೇರುವವರೆಗೆ ಎಷ್ಟು ಹೆಜ್ಜೆ ಇಡಬೇಕು, ಆ ಹೊತ್ತಿನಲ್ಲಿ ಗಾಡಿ ಎಷ್ಟು ಹತ್ತಿರ ಬಂದಿರುತ್ತದೆ ಎಂಬುದನ್ನು ಮೊದಲು ಅಳೆದು, ಆಮೇಲೆ ರಸ್ತೆಗೆ ಅಳತೆಯ ಪಟ್ಟಿ ಹಿಡಿಯುವುದು ಲೇಸು.