ಉನ್ನೀಸ್ ಮತ್ತು ಉನ್ತೀಸ್

ಉಡುಪಿ ಪಕ್ಕದ ಅಂಬಲಪಾಡಿಯಲ್ಲಿ ಹುಟ್ಟಿ ಬೆಳೆದ ನಮ್ಮಿಬ್ಬರಿಗೂ ಭಾಷೆಯ ವಿಷಯದಲ್ಲಿ ಸ್ವಲ್ಪ ಜಂಬವಿತ್ತು. ಮನೆಯಲ್ಲಿ ಬ್ಯಾರಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ, ಸಿನಿಮಾದಿಂದ ಕಲಿತ ಹಿಂದಿ, ಜಿದ್ದಾಕ್ಕೆ ದುಡಿಯಲು ಹೋದ ಮೇಲೆ ಮಲಯಾಳಂ ಮತ್ತು ಅರ್ಧಂಬರ್ಧ ಅರಬಿ. ಇಷ್ಟಿದ್ದ ಮೇಲೆ ಇನ್ನೇನು ಬೇಕು? 2018ರ ಹಜ್ಜ್ ಸಮಯದಲ್ಲಿ ಪೆರ್ನಾಲ್ ರಜೆಗೆ ಸ್ವಯಂಸೇವಕರಾಗಿ ಮಿನಾಕ್ಕೆ ಹೊರಟಾಗ ನಮ್ಮಲ್ಲಿದ್ದ ದೊಡ್ಡ ಧೈರ್ಯ ಇದೇ.

ಆ ವರ್ಷ 23 ಲಕ್ಷಕ್ಕೂ ಹೆಚ್ಚು ಹಾಜಿಗಳು ಸೇರಿದ್ದರು. ಭಾರತದಿಂದಲೇ 1,75,025 ಮಂದಿಗೆ ಅವಕಾಶವಿತ್ತು. ಮಿನಾದಲ್ಲಿ ಹಾಜಿಗಳು ದಾರಿ ತಪ್ಪುವುದು ಅವರ ದಡ್ಡತನದಿಂದಲ್ಲ. 1997ರಲ್ಲಿ ಅಲ್ಲಿ ಬೆಂಕಿ ಬಿದ್ದು ಮುನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಬೆಂಕಿ ತಗಲದ ಬಿಳಿ ಡೇರೆಗಳನ್ನು ನಿಲ್ಲಿಸಿದರು. ಕಣ್ಣು ಹಾಯಿಸಿದಷ್ಟು ದೂರಕ್ಕೂ ಒಂದೇ ಬಣ್ಣ, ಒಂದೇ ಆಕಾರ. ಜೊತೆಗೆ, ಜಮರಾತ್‌ನಲ್ಲಿ ನೂಕುನುಗ್ಗಲಾಗದಂತೆ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಗುರುತು ಇಟ್ಟುಕೊಂಡ ದಾರಿಯಲ್ಲಿ ವಾಪಸು ಬರುವಂತಿಲ್ಲ. ಊರಿನ ಬಸ್‌ಸ್ಟ್ಯಾಂಡಿನಾಚೆಗೆ ಒಂಟಿಯಾಗಿ ಹೋಗದ ಹಿರಿಯರು ಏನು ಮಾಡಬೇಕು?

ನಮ್ಮ ಜಂಬ ಮೊದಲ ದಿನವೇ ಇಳಿಯತೊಡಗಿತು. ಆಫ್ರಿಕಾದ ಹಿರಿಯರೊಬ್ಬರು ಏನೋ ಕೇಳಿದರು. ಬಾಯಾರಿರಬೇಕೆಂದು ನೀರಿನ ಬಾಟಲಿ ಕೊಟ್ಟೆವು. ಅವರು ಹಿಂದಕ್ಕೆ ಕೊಟ್ಟರು, ನಾವು ಇನ್ನೊಂದು ಕೊಟ್ಟೆವು. ಪಾಪ, ಅವರಿಗೆ ಬೇಕಾಗಿದ್ದದ್ದು ಪಾಯಿಖಾನೆ!

ಆದರೆ ನಾವು ನಿಜವಾಗಿ ಸೋತದ್ದು ಕನ್ನಡದ ಹೆಂಗಸಿನ ಮುಂದೆ. ಬಕ್ರೀದ್ ದಿನ ಮಧ್ಯಾಹ್ನ, ಬಾಗಲಕೋಟೆ ಕಡೆಯ ಅಜ್ಜಿಯೊಬ್ಬರು ಕಂಬಕ್ಕೆ ಒರಗಿ ನಿಂತಿದ್ದರು. ಕೈಯ ಉಕ್ಕಿನ ಕಡಗ ಚುಚ್ಚುತ್ತದೆಂದು ಕಳಚಿ ಡೇರೆಯಲ್ಲೇ ಇಟ್ಟಿದ್ದರು. ಅವರ ವಿವರವೆಲ್ಲ ಇದ್ದದ್ದು ಅದರಲ್ಲೇ. ಕನ್ನಡದವರೆಂದು ತಿಳಿದು ನಾವು ಹಿಗ್ಗಿನಿಂದ, "ಅಮ್ಮಾ, ನಿಮ್ಮ ಶಿಬಿರದ ಸಂಖ್ಯೆ ಎಷ್ಟು?" ಎಂದೆವು. ಅವರು ನಮ್ಮ ಮುಖವನ್ನೇ ನೋಡಿದರು. ಶಾಲೆಯಲ್ಲಿ ಕಲಿತ ಕನ್ನಡ ನಮ್ಮದು, ಅವರದು ಹೊಲದಲ್ಲಿ ಬೆಳೆದ ಕನ್ನಡ. ಮತ್ತೆ ಮತ್ತೆ ಕೇಳಿದ ಮೇಲೆ ಅವರ ತಂಡದ ಮುಖಂಡ ಉರ್ದುವಿನಲ್ಲಿ ಬಾಯಿಪಾಠ ಮಾಡಿಸಿದ್ದ ಮಕ್ತಬ್ ಸಂಖ್ಯೆಯನ್ನು ಹೇಳಿದರು. ನಾವು 'ಉನ್ನೀಸ್' ಎಂದು ಕೇಳಿಸಿಕೊಂಡೆವು. ಹತ್ತೊಂಬತ್ತು. ನಕ್ಷೆ ತೆಗೆದು ಹೊರಟೇಬಿಟ್ಟೆವು.

ದಾರಿಯುದ್ದಕ್ಕೂ ಅವರು ಏನೋ ಹೇಳುತ್ತಲೇ ಇದ್ದರು. "ಹೌದಮ್ಮಾ, ಆಯಿತಮ್ಮಾ" ಎನ್ನುತ್ತಾ ನಾವು ಬೇಗ ಬೇಗ ನಡೆಸಿದೆವು. ನಮಗಾಗಿ ಇನ್ನೂ ನಾಲ್ಕೈದು ಮಂದಿ ಕಾಯುತ್ತಿದ್ದರಲ್ಲ! ಹತ್ತೊಂಬತ್ತನೇ ಮಕ್ತಬ್ ತಲುಪಿದರೆ ಅಲ್ಲಿ ಅವರ ಕಡೆಯವರು ಒಬ್ಬರೂ ಇಲ್ಲ. ಅವರ ತುಟಿ ಒಣಗಿತ್ತು, ಹಿಮ್ಮಡಿ ಒಡೆದಿತ್ತು. ಆ ಬಿಸಿಲಲ್ಲಿ ಹಿರಿಯ ಜೀವವನ್ನು ಅಷ್ಟು ದೂರ ಸುಮ್ಮನೆ ನಡೆಸಿದ್ದೆವು. ಏನಾದರೂ ಆಗಿದ್ದರೆ? ಅಂದಿನ ಆ ಹೆದರಿಕೆ ಇಂದಿಗೂ ಹೋಗಿಲ್ಲ. ನಾಚಿಕೆಯಾಗಬೇಕಿದ್ದಲ್ಲಿ ನಮಗೆ ಮೊದಲು ಬಂದದ್ದು ಸಿಟ್ಟು. "ಸರಿಯಾಗಿ ಹೇಳಬಾರದಾ ಅಮ್ಮಾ?" ಎಂದು ಸ್ವರವನ್ನೂ ಏರಿಸಿದೆವು.

ಅವರು ನೆರಳು ನೋಡಿ ಕುಳಿತರು. "ಏ ತಮ್ಮಾ, ಗಡಿಬಿಡಿ ಮಾಡಬ್ಯಾಡೋ. ಕಾಲ ಬ್ಯಾನಿ ಆಗ್ಯಾವ, ಒಂಚೂರು ಕುಂದ್ರತೀನಿ. ನೀನೂ ಕುಂದರು" ಎಂದರು. ನಾವು ಕೊಟ್ಟ ನೀರಿನಲ್ಲಿ ಅರ್ಧ ಕುಡಿದು, ಉಳಿದದ್ದನ್ನು ನಮ್ಮತ್ತ ಚಾಚಿದರು. ಆಮೇಲೆ ಎರಡೂ ಕೈ ಬಿಡಿಸಿ ತೋರಿಸಿದರು. ಹತ್ತು. ಇನ್ನೊಮ್ಮೆ ಹತ್ತು. ಮೂರನೆಯ ಸಲ ಒಂದು ಕಿರುಬೆರಳು ಮಡಚಿದರು. ಉನ್ನೀಸ್ ಅಲ್ಲ, ಉನ್ತೀಸ್. ಇಪ್ಪತ್ತೊಂಬತ್ತು! ದಾರಿಯುದ್ದಕ್ಕೂ ಅವರು ಹೇಳುತ್ತಿದ್ದದ್ದು ಅದನ್ನೇ.

ಸಬ್ರ್ ಬಗ್ಗೆ ಎಷ್ಟು ಪ್ರವಚನ ಕೇಳಿಲ್ಲ ನಾವು? ಅಂದು ಅದು ಸ್ವಯಂಸೇವಕರ ಜಾಕೆಟ್ ತೊಟ್ಟವರಲ್ಲಿರಲಿಲ್ಲ, ದಾರಿ ತಪ್ಪಿದವರಲ್ಲಿತ್ತು. ಮರುದಿನದಿಂದ ಯಾರೇ ಸಂಖ್ಯೆ ಹೇಳಿದರೂ ಮೊದಲು ಕೂರಿಸಿ, ನೀರು ಕೊಟ್ಟು, ಬೆರಳಲ್ಲಿ ಎಣಿಸಿ, ಕಾಗದದಲ್ಲಿ ಬರೆದು ತೋರಿಸಿದ ಬಳಿಕವೇ ಹೊರಡುತ್ತಿದ್ದೆವು. ದಿನಕ್ಕೆ ತಲುಪಿಸಿದವರ ಲೆಕ್ಕ ಕಡಿಮೆಯಾಯಿತು. ತಂಡದ ಹಿರಿಯರು ಅದನ್ನು ಎತ್ತಿ ಆಡಿದ್ದೂ ಉಂಟು.

ರಜೆಯಲ್ಲಿ ಊರಿಗೆ ಬಂದಾಗ ಅಂಬಲಪಾಡಿ ಜಂಕ್ಷನ್‌ನಲ್ಲಿ ನಿಂತಿದ್ದೆವು. ಕೈಯಲ್ಲಿ ಕರಣೆ ಹಿಡಿದಿದ್ದ ಒಬ್ಬರು ಬಂದು, "ಮಲ್ಪಿಗೆ ಹೋಗೂ ಬಸ್ಸು ಎಲ್ಲಿ ನಿಂದರತಾವ್ರಿ?" ಎಂದರು. ಘಟ್ಟದ ಮೇಲಿನವರ ಮಾತನ್ನು ಅಣಕಿಸಿ ನಕ್ಕ ಸಂಜೆಗಳು ಇದೇ ಜಂಕ್ಷನ್‌ನಲ್ಲಿ ನಮಗೆ ಎಷ್ಟೋ ಇದ್ದವು. ಈ ಸಲ ಹೆದ್ದಾರಿ ಬದಿಯಲ್ಲಿ ಉತ್ತರಕ್ಕೆ ಹೋದರೆ ಕರಾವಳಿ ಬೈಪಾಸ್ ಸಿಗುತ್ತದೆ, ಮಲ್ಪೆ ಬಸ್ಸು ಅಲ್ಲಿ ಬರುತ್ತದೆ ಎಂದು ವಿವರವಾಗಿ ಹೇಳಿದೆವು.

ಅವರು ತಲೆ ಕೆರೆದುಕೊಂಡು, "ಒಂಚೂರು ಸಾವಕಾಶ ಹೇಳ್ರಲಾ. ನಿಮ್ಮ ಕನ್ನಡ ತಿಳೀವಲ್ದು" ಎಂದರು.

"ಬನ್ನಿ" ಎಂದು ಕರೆದುಕೊಂಡು ಕರಾವಳಿ ಬೈಪಾಸ್‌ವರೆಗೆ ನಾವೂ ನಡೆದೆವು.